ಎಂಟು ಜನ, ಒಂದು ರಾತ್ರಿ, ನಾಲ್ಕು ಕಡೆ ಹಳ್ಳ ದಾಟಬೇಕು: ಟೆಂಟ್ ಎಲ್ಲಿ ಹಾಕೋದು?

ಕಾಲ್ನಡಿಗೆ
ಎಲ್ಲರಿಗೂ ನಮಸ್ಕಾರ. ಒಂದು ರಾತ್ರಿ ಉಳಿಯುವ ಚಾರಣಕ್ಕೆ ತಯಾರಿ ನಡೀತಿದೆ. ಎಂಟು ಜನ ಇದ್ದೇವೆ. ಕಾಡಿನ ಕಣಿವೆ, ನಡುವೆ ಹಳ್ಳ, ಹಳ್ಳದ ಪಕ್ಕದಲ್ಲೇ ಕಾಲುದಾರಿ. ಹೋದ ದಾರಿಯಲ್ಲೇ ವಾಪಸ್. ಒಂದು ಕಡೆಗೆ 11 ಕಿ.ಮೀ., ಏರು ಒಟ್ಟು 450 ಮೀಟರ್ ಆಗಬಹುದು. ದಾರಿ ನಾಲ್ಕು ಕಡೆ ಹಳ್ಳ ದಾಟುತ್ತೆ. ಸೇತುವೆ ಇಲ್ಲ, ನೀರಿಗೆ ಇಳಿದೇ ದಾಟಬೇಕು. ಈಗ ನೀರು ಮೊಣಕಾಲಿಗಿಂತ ಕೆಳಗಿದೆ ಅಂತ ಹೋಗಿ ಬಂದವರು ಹೇಳಿದ್ದಾರೆ. ರಾತ್ರಿ ಚಳಿ 3-4 ಡಿಗ್ರಿಗೆ ಇಳಿಯಬಹುದು.

ಜಗಳ ಇರೋದು ಟೆಂಟ್ ಜಾಗದ ಬಗ್ಗೆ. ನಾಲ್ಕನೇ ಸಲ ದಾಟಿದ ಮೇಲೆ ಒಂದು ಮಡು ಸಿಗುತ್ತೆ. ಮಡುವಿನ ಪಕ್ಕ ಸಪಾಟಾದ ಮರಳು. ಫೋಟೋ ನೋಡಿದವರೆಲ್ಲ ಅಲ್ಲೇ ಉಳಿಯೋಣ ಅಂತ ಹಟ ಹಿಡಿದಿದ್ದಾರೆ. ಇನ್ನೊಂದು ಜಾಗ ಎರಡನೇ ಸಲ ದಾಟಿದ ಮೇಲೆ, ದಾರಿಗಿಂತ ಸ್ವಲ್ಪ ಎತ್ತರದಲ್ಲಿ, ಮರಗಳ ನಡುವೆ ಒಂದು ದಿಣ್ಣೆ. ನೋಡೋಕೆ ಅಲ್ಲಿ ಏನೂ ಇಲ್ಲ. ನೀರು ತರಲು ಇಳಿದು ಹತ್ತಬೇಕು. ನನಗೂ ಮರಳೇ ಇಷ್ಟ. ಆದರೆ ನಮ್ಮ ಭಾವ "ರಾತ್ರಿ ಮಳೆ ಬಂದ್ರೆ ಏನ್ ಮಾಡ್ತೀಯ" ಅಂತ ಒಂದೇ ಸಮನೆ ಕೇಳ್ತಿದ್ದಾರೆ. ಹವಾಮಾನ ಮುನ್ಸೂಚನೆಯಲ್ಲಿ ಮಳೆ ಇಲ್ಲ. ಏನಂತೀರಿ?

ಬಂಡೆಮೇಲೆ
ಆ ಮರಳು ಅಲ್ಲಿಗೆ ಹೇಗೆ ಬಂತು ಅಂತ ಯೋಚಿಸಿ. ಹಳ್ಳವೇ ತಂದು ಹಾಕಿದ್ದು.

ಸುಮ್ನೆ_ಓದೋನು
ದಿಣ್ಣೆ. ಭಾವನ ಕಡೆ ನನ್ನ ಓಟು.

ಹಗುರಚೀಲ
ಇಷ್ಟೊಂದು ಹೆದರಿಕೆ ಯಾಕೆ ಮಾರಾಯ್ರೆ. ಮುನ್ಸೂಚನೆ ಒಣ ಅಂತಿದೆ, ನೀರು ಮೊಣಕಾಲಿಗೂ ಬರಲ್ಲ. ಮರಳಿನ ಮೇಲೆ ಬೆನ್ನಿಗೆ ಬೇರು ಚುಚ್ಚಲ್ಲ. ನೀರು ಕೈಗೆ ಸಿಗುತ್ತೆ. ಒಂದು ರಾತ್ರಿಗೆ ಇಷ್ಟು ಲೆಕ್ಕ ಹಾಕೋದಾದರೆ ಮನೇಲೇ ಮಲಗಬಹುದು.

ಮೋಡಗಾರ
ಯಾವ ಜಾಗದ ಮುನ್ಸೂಚನೆ ನೋಡಿದ್ದೀರಿ? ಟೆಂಟ್ ಹಾಕುವ ಜಾಗದ್ದು ನೋಡಿದರೆ ಸಾಲದು. ಆ ಹಳ್ಳಕ್ಕೆ ನೀರು ಇಳಿದು ಬರುವ ಮೇಲಿನ ಗುಡ್ಡಗಳದ್ದೆಲ್ಲ ನೋಡಬೇಕು. 1997ರ ಆಗಸ್ಟ್ 12ರಂದು ಅಮೆರಿಕದ ಅರಿಜೋನಾದ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ 11 ಜನ ಕೊಚ್ಚಿಹೋದರು. ಅವರು ನಿಂತಿದ್ದ ಜಾಗದಲ್ಲಿ ಮಳೆ ಹೆಸರಿಗಷ್ಟೇ ಇತ್ತು. ಸುರಿದದ್ದು ಹಲವು ಕಿಲೋಮೀಟರ್ ಮೇಲೆ. ಎರಡು ವರ್ಷ ಆದ ಮೇಲೆ, 1999ರ ಜುಲೈ 27ರಂದು, ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್ ಹತ್ತಿರದ ಒಂದು ಹಳ್ಳದಲ್ಲಿ 21 ಜನ ಸತ್ತರು. ಅದರಲ್ಲಿ ದಾರಿ ತೋರಿಸಲು ಹೋದ ಗೈಡ್‌ಗಳೂ ಇದ್ದರು. ಅಲ್ಲೂ ಮೇಲ್ಗಡೆ ಸುರಿದ ಗುಡುಗು ಮಳೆಯೇ ಕಾರಣ.

ಹಗುರಚೀಲ
ಅವೆರಡೂ ಇಕ್ಕಟ್ಟಾದ ಕೊರಕಲು. ಎರಡೂ ಕಡೆ ಕಲ್ಲಿನ ಗೋಡೆ, ಹತ್ತೋಕೆ ಜಾಗವೇ ಇಲ್ಲ. ಇಲ್ಲಿರೋದು ಕಣಿವೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮೋಡಗಾರ
ಒಪ್ಪಿದೆ. ಅಗಲ ಇರುವ ಕಡೆ ನೀರು ಒಮ್ಮೆಲೇ ನುಗ್ಗೋದು ಕಡಿಮೆ, ಏರುತ್ತಾ ಬರುತ್ತೆ. ಆದರೆ ಏರೋದು ರಾತ್ರಿ ಎರಡು ಗಂಟೆಗೆ, ನೀವು ಸ್ಲೀಪಿಂಗ್ ಬ್ಯಾಗಿನ ಒಳಗೆ, ಜಿಪ್ ಕುತ್ತಿಗೆವರೆಗೆ ಎಳೆದುಕೊಂಡು. ಹಳ್ಳದ ಸದ್ದು ಮೊದಲಿಂದಲೇ ಕಿವಿ ತುಂಬಿರುತ್ತೆ, ಅದು ಜಾಸ್ತಿ ಆದದ್ದು ನಿದ್ದೆಯಲ್ಲಿ ಗೊತ್ತಾಗಲ್ಲ.

ಒದ್ದೆಕಾಲು
ಎಲ್ಲರೂ ಟೆಂಟ್ ಮುಳುಗುತ್ತಾ ಅಂತಲೇ ಮಾತಾಡ್ತಿದ್ದೀರಿ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮುಳುಗೋ ಹಾಗಿದ್ದರೆ ಎದ್ದು ಮೇಲೆ ಹೋಗಬಹುದು, ನಿದ್ದೆ ಕೆಡುತ್ತೆ, ಸಾಮಾನು ಒದ್ದೆ ಆಗುತ್ತೆ, ಅಷ್ಟೇ. ಮೊದಲನೇ ಪ್ರಶ್ನೆ ಬೆಳಿಗ್ಗೆ ವಾಪಸ್ ಬರೋದು ಹೇಗೆ ಅನ್ನೋದು. ನಾಲ್ಕು ಸಲ ದಾಟಿ ಆಚೆ ಮಲಗಿದರೆ ಬೆಳಿಗ್ಗೆ ನಾಲ್ಕನ್ನೂ ದಾಟಲೇಬೇಕು. ನೀರು ಒಂದು ಗೇಣು ಏರಿದರೂ ಆಟ ಬದಲಾಗುತ್ತೆ, ಯಾಕಂದರೆ ಆಳದ ಜೊತೆ ವೇಗವೂ ಏರುತ್ತೆ. ವೇಗ ಎರಡು ಪಟ್ಟಾದರೆ ಕಾಲಿನ ಮೇಲೆ ಬೀಳುವ ತಳ್ಳು ನಾಲ್ಕು ಪಟ್ಟಾಗುತ್ತೆ. ನಿನ್ನೆ ನಗುತ್ತಾ ದಾಟಿದ ಜಾಗದಲ್ಲಿ ಇವತ್ತು ಮೊದಲನೇ ಹೆಜ್ಜೆಗೇ ಕಾಲಡಿಯ ಕಲ್ಲು ಉರುಳುತ್ತೆ.

ನಾವು ಒಂದು ಸಲ ಹೀಗೇ ಆಚೆ ದಡದಲ್ಲಿ ಸಿಕ್ಕಿಕೊಂಡೆವು. ಜೋರು ಮಳೆಯೇನಲ್ಲ, ಸಂಜೆ ಒಂದು ಸುತ್ತು ಬಂತು ಅಷ್ಟೇ. ಬೆಳಿಗ್ಗೆ ನೀರು ಚಹಾ ಬಣ್ಣ. ಬುಡ ಕಾಣಲ್ಲ. ಒಳಗಿಂದ ಕಲ್ಲು ಕಲ್ಲಿಗೆ ಬಡಿಯುವ ಮಂದ ಸದ್ದು, ಕಿವಿಗಿಂತ ಪಾದಕ್ಕೆ ಮೊದಲು ಗೊತ್ತಾಗುತ್ತೆ. ಆ ಸದ್ದು ಕೇಳಿದ ಮೇಲೆ ಯಾರೂ "ನಾನು ಟ್ರೈ ಮಾಡ್ತೀನಿ" ಅನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಳಿಯಿತು, ದಾಟಿದೆವು. ಸಣ್ಣ ಹಳ್ಳಗಳು ಬೇಗ ಏರುತ್ತವೆ, ಬೇಗ ಇಳಿಯುತ್ತವೆ. ಕಾಯೋಕೆ ಒಂದು ಹೊತ್ತಿನ ಊಟ ಜಾಸ್ತಿ ಇರಬೇಕು, ಸೋಮವಾರ ಆಫೀಸಿಗೆ ಹೋಗಲೇಬೇಕು ಅನ್ನುವವರು ಗುಂಪಿನಲ್ಲಿ ಇರಬಾರದು. ಜನ ನೀರಿಗೆ ಇಳಿಯೋದು ಧೈರ್ಯ ಜಾಸ್ತಿ ಆಗಿ ಅಲ್ಲ, ಟೈಮ್ ಕಮ್ಮಿ ಆಗಿ.

ಕಾಲ್ನಡಿಗೆ
ನಮ್ಮಲ್ಲಿ ಇಬ್ಬರಿಗೆ ಸೋಮವಾರ ಬೆಳಿಗ್ಗೆ ಹಾಜರಿರಲೇಬೇಕು.

ಒದ್ದೆಕಾಲು
ಹಾಗಾದರೆ ಅವರಿಬ್ಬರ ಕಣ್ಣ ಮುಂದೆಯೇ ಈ ಮಾತು ಈಗಲೇ ಆಡಿ ಮುಗಿಸಿ. ಹಳ್ಳದ ದಡದಲ್ಲಿ ನಿಂತು ಆಡಬೇಡಿ.

ಲೆಕ್ಕದಮೇಷ್ಟ್ರು
ಒಂದು ಸಣ್ಣ ವಿಷಯ ಯಾರೂ ಗಮನಿಸಿಲ್ಲ. ನಾಲ್ಕು ಸರಿ ಸಂಖ್ಯೆ. ನಾಲ್ಕು ಸಲ ದಾಟಿದರೆ ನೀವು ಹೊರಟ ದಡದಲ್ಲೇ ಇರುತ್ತೀರಿ! ಎರಡು ಸಲ ದಾಟಿದರೂ ಅಷ್ಟೇ. ಅಂದರೆ ನೀರು ಏರಿದರೆ ಹಳ್ಳಕ್ಕೆ ಇಳಿಯದೆ ಅದೇ ದಡ ಹಿಡಿದು ಕೆಳಗೆ ಬರಬಹುದು. ಮರಳಾದರೂ ಸರಿ, ದಿಣ್ಣೆಯಾದರೂ ಸರಿ.

ಹಗುರಚೀಲ
ನೋಡಿದ್ರಾ! ಮೇಷ್ಟ್ರು ನನ್ನ ಕಡೆ.

ಬಂಡೆಮೇಲೆ
ಮೇಷ್ಟ್ರೇ, ಲೆಕ್ಕ ಸರಿ. ಆದರೆ ದಾರಿ ಸುಮ್ನೆ ಯಾಕೆ ಹಳ್ಳ ದಾಟುತ್ತೆ? ದಾರಿ ಮಾಡಿದವರಿಗೆ ಕಾಲು ಒದ್ದೆ ಮಾಡಿಕೊಳ್ಳೋ ಆಸೆಯೇನೂ ಇರಲಿಲ್ಲ. ಈ ಕಡೆ ಬಂಡೆ ನೇರವಾಗಿ ನೀರಿಗೆ ಇಳಿದಿರುತ್ತೆ, ಅಥವಾ ಗುಡ್ಡ ಕುಸಿದಿರುತ್ತೆ, ಅದಕ್ಕೇ ಆ ಕಡೆ ಹೋಗಿ ಮತ್ತೆ ಈ ಕಡೆ ಬರೋದು. ಅದೇ ದಡ ಹಿಡಿದು ಬರ್ತೀನಿ ಅಂದರೆ ಆ ಬಂಡೆಯ ನೆತ್ತಿ ಹತ್ತಿ ಇಳಿಯಬೇಕು. ದಾರಿ ಇಲ್ಲದ ಕಾಡು, ಒದ್ದೆ ನೆಲ, ಬೆನ್ನ ಮೇಲೆ ಹನ್ನೆರಡು ಕಿಲೋ. ನಾನಾದರೆ ನೀರು ಇಳಿಯೋವರೆಗೆ ಕೂತುಕೊಳ್ಳುತ್ತೇನೆ.

ಲೆಕ್ಕದಮೇಷ್ಟ್ರು
ಅದೂ ನಿಜ. ನಕ್ಷೆಯಲ್ಲಿ ಎತ್ತರದ ಗೆರೆಗಳು ಒತ್ತೊತ್ತಾಗಿ ಹಳ್ಳಕ್ಕೆ ತಾಗಿದ್ದರೆ ಬಂಡೆ ಅಂತಲೇ ಅರ್ಥ. ಕಾಲ್ನಡಿಗೆಯವರು ಹೋಗುವ ಮುಂಚೆ ಒಂದು ಸಲ ನೋಡಲಿ. ಮೊದಲನೇ ಮತ್ತು ಎರಡನೇ ದಾಟಿನ ನಡುವೆ ಗೆರೆಗಳು ಬಿಡಿಬಿಡಿಯಾಗಿದ್ದರೆ ದಿಣ್ಣೆಗೆ ಇನ್ನೂ ಒಂದು ಅಂಕ ಸಿಕ್ಕ ಹಾಗೆ.

ಕಾಲ್ನಡಿಗೆ
ಈಗಷ್ಟೇ ನೋಡಿದೆ. ಕೆಳಗಿನ ಎರಡರ ನಡುವೆ ಗೆರೆಗಳು ದೂರ ದೂರ ಇವೆ, ಹತ್ತಿ ಇಳಿಯಬಹುದು ಅನ್ನಿಸುತ್ತೆ. ಮೂರು ಮತ್ತು ನಾಲ್ಕರ ನಡುವೆ ಕಪ್ಪಗೆ ಒಂದೇ ಮುದ್ದೆ.

ಸುಮ್ನೆ_ಓದೋನು
ಭಾವ 1, ಮಡು 0.

ರಾತ್ರಿಪಾಳಿ
ಮಳೆ ಬಿಡಿ, ಚಳಿ ಬಗ್ಗೆ ಯಾರೂ ಹೇಳಲೇ ಇಲ್ಲ. ಮೋಡ ಇಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತೆ. ಅದರ ಮೇಲಿನ ಗಾಳಿಯೂ ತಣ್ಣಗಾಗಿ ಭಾರ ಆಗುತ್ತೆ, ಇಳಿಜಾರಿನಲ್ಲಿ ಜಾರಿ ಕಣಿವೆಯ ತಳದಲ್ಲಿ ನಿಲ್ಲುತ್ತೆ. ಹಳ್ಳದ ಅಂಚಿಗಿಂತ ಸ್ವಲ್ಪವೇ ಮೇಲೆ ಹೋದರೂ ವ್ಯತ್ಯಾಸ ಮೈಗೆ ಗೊತ್ತಾಗುತ್ತೆ. ಜೊತೆಗೆ ನೀರಿನ ಪಕ್ಕ ತೇವ. ಟೆಂಟ್ ಒಳಗಿನ ಬಟ್ಟೆಯ ಮೇಲೆ ಹನಿ ಕಟ್ಟುತ್ತೆ. ಪಕ್ಕದಲ್ಲಿ ಮಲಗಿದವರ ಮೊಣಕೈ ಒಂದು ಸಲ ತಾಗಿದರೆ ಸಾಕು, ಆ ಸಾಲು ಪೂರ್ತಿ ನಿಮ್ಮ ಮುಖದ ಮೇಲೆ. ಮರದ ಕೆಳಗೆ ಇಬ್ಬನಿಯೂ ಕಡಿಮೆ.

ಹಗುರಚೀಲ
ಮರದ ಕೆಳಗೆ ಒಣಗಿದ ಕೊಂಬೆ ತಲೆ ಮೇಲೆ ಬೀಳುತ್ತೆ, ಅದನ್ನ ಹೇಳಲ್ಲ ಯಾರೂ.

ರಾತ್ರಿಪಾಳಿ
ಬೀಳುತ್ತೆ. ಅದಕ್ಕೆ ಟೆಂಟ್ ಹಾಕುವ ಮುಂಚೆ ತಲೆ ಎತ್ತಿ ನೋಡಬೇಕು. ಒಣ ಮರ, ಮುರಿದು ನೇತಾಡುವ ಕೊಂಬೆ ಇದ್ದರೆ ಜಾಗ ಬದಲಾಯಿಸಬೇಕು.

ನಿಧಾನವೇಸರಿ
ಎಂಟು ಜನರ ಗುಂಪಿನಲ್ಲಿ ನಿಧಾನಕ್ಕೆ ನಡೆಯೋರು ಎಷ್ಟು ಜನ? ಇದನ್ನ ಯಾಕೆ ಕೇಳ್ತಿದ್ದೀನಿ ಅಂದರೆ, ಕಾಲ್ನಡಿಗೆಯವರು 11 ಕಿ.ಮೀ. ಅಂತ ಬರೆದಿದ್ದಾರೆ, ಎಷ್ಟು ಹೊತ್ತು ಅಂತ ಬರೆದಿಲ್ಲ.

ಕಾಲ್ನಡಿಗೆ
ಇಬ್ಬರು ಸ್ವಲ್ಪ ನಿಧಾನ. ಮೂರು, ಮೂರೂವರೆ ಗಂಟೆ ಸಾಕು ಅಂದುಕೊಂಡಿದ್ದೇವೆ. ಮಧ್ಯಾಹ್ನ ಊಟ ಮುಗಿಸಿ ಹೊರಡೋ ಪ್ಲಾನ್.

ಲೆಕ್ಕದಮೇಷ್ಟ್ರು
ನೇಸ್ಮಿತ್ ಲೆಕ್ಕ ಹಾಕಿದಿರಿ ಅನ್ನಿಸುತ್ತೆ. ಆತ ಸ್ಕಾಟ್ಲೆಂಡಿನ ಪರ್ವತಾರೋಹಿ, 1892ರಲ್ಲಿ ಕೊಟ್ಟ ಸೂತ್ರ. ಈಗಿನ ಅಳತೆಯಲ್ಲಿ ಸುಮಾರಾಗಿ 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ದಾರಿಗೆ ಅದು ಹತ್ತಿರ ಹತ್ತಿರ ಮೂರು ಗಂಟೆ. ಆದರೆ ಅದು ಗಟ್ಟಿ ಕಾಲಿನವರು ಒಳ್ಳೆ ದಾರಿಯಲ್ಲಿ ನಿಲ್ಲದೆ ನಡೆದರೆ. ಭಾರದ ಬ್ಯಾಗು, ಪಾಚಿ ಕಟ್ಟಿದ ಕಲ್ಲು, ಫೋಟೋ ಯಾವುದೂ ಅದರಲ್ಲಿ ಇಲ್ಲ.

ನಿಧಾನವೇಸರಿ
ಅದೇ ಹೇಳೋಕೆ ಬಂದೆ. ಎಂಟು ಜನ ಒಂದು ಕಡೆ ಹಳ್ಳ ದಾಟೋಕೆ ಅರ್ಧ ಗಂಟೆ ಆರಾಮಾಗಿ ಹೋಗುತ್ತೆ. ಶೂ ಬಿಚ್ಚೋರು, ಸಾಕ್ಸ್ ಹಿಂಡೋರು, ಆ ಕಡೆ ಹೋದ ಮೇಲೆ ಪೋಲ್ ಈ ಕಡೆ ಬಿಟ್ಟೆ ಅನ್ನೋರು. ನಾಲ್ಕು ಸಲಕ್ಕೆ ಎರಡು ಗಂಟೆ ಇಲ್ಲೇ ಕರಗಿತು. ಜೊತೆಗೆ ಇಬ್ಬರು ನಿಧಾನ. ಮಧ್ಯಾಹ್ನ ಹೊರಟರೆ ನಾಲ್ಕನೇ ದಾಟು ಕತ್ತಲಲ್ಲಿ. ಹೆಡ್ ಟಾರ್ಚ್ ಬೆಳಕಲ್ಲಿ ನೀರಿನ ಆಳ ತಿಳಿಯಲ್ಲ, ಮೇಲ್ಮೈ ಹೊಳೆಯೋದಷ್ಟೇ ಕಾಣುತ್ತೆ.

ಇನ್ನೊಂದು ವಿಷಯ. ನಿಧಾನದವರನ್ನ ಹಿಂದೆ ಬಿಟ್ಟು ಹೋಗಿ, ಮುಂದೆ ಬಂಡೆ ಮೇಲೆ ಕೂತು ಕಾಯೋದು, ಅವರು ಬಂದ ತಕ್ಷಣ ಎದ್ದು ಹೊರಡೋದು, ಇದು ಎಲ್ಲ ಗುಂಪಲ್ಲೂ ನಡೆಯುತ್ತೆ. ಜೋರಾಗಿ ನಡೆಯೋರಿಗೆ ಹತ್ತು ನಿಮಿಷ ವಿಶ್ರಾಂತಿ ಸಿಕ್ಕಿರುತ್ತೆ, ಜಾಸ್ತಿ ಬೇಕಾದವರಿಗೆ ಒಂದು ನಿಮಿಷವೂ ಇಲ್ಲ. ನಿಧಾನದವರನ್ನ ಮುಂದಿನಿಂದ ಎರಡನೆಯವರಾಗಿ ನಡೆಸಿ. ಕೊನೆಗೆ ಒಬ್ಬರು ದಾರಿ ಗೊತ್ತಿರೋರು ಇರಲಿ, ಅವರ ಹಿಂದೆ ಯಾರೂ ಇರಬಾರದು.

ಹಗುರಚೀಲ
ನಿಧಾನದವರ ಬ್ಯಾಗಿಂದ ಎರಡು ಕಿಲೋ ತೆಗೆದು ಜೋರಿನವರ ಬ್ಯಾಗಿಗೆ ಹಾಕಿ. ಎಲ್ಲರ ವೇಗವೂ ಒಂದೇ ಆಗುತ್ತೆ. ಟೆಂಟ್, ಪಾತ್ರೆ, ಸ್ಟವ್ ಹಂಚೋದು ಇದಕ್ಕೇ. ಎಲ್ಲರಿಗೂ ಸಮ ಸಮ ಹಂಚೋದು ನ್ಯಾಯ ಅಂತ ಕಾಣುತ್ತೆ, ಆದರೆ ಅಲ್ಲ. ಬ್ಯಾಗಿನ ತೂಕ ಮೈತೂಕದ ಐದನೇ ಒಂದು ಭಾಗ ಮೀರಬಾರದು ಅಂತಾರೆ. 50 ಕಿಲೋ ಇರೋರಿಗೆ ಹತ್ತು, 80 ಇರೋರಿಗೆ ಹದಿನಾರು.

ನಿಧಾನವೇಸರಿ
ಅಬ್ಬಾ, ಹಗುರಚೀಲ ಮೊದಲ ಸಲ ಒಪ್ಪೋ ಮಾತು ಆಡಿದರು.

ಹೊಸಬೂಟು
ನನ್ನದೊಂದು ದಡ್ಡ ಪ್ರಶ್ನೆ. ಹಳ್ಳ ದಾಟುವಾಗ ಶೂ ಬಿಚ್ಚಬೇಕಾ, ಬೇಡವಾ? ಬರಿಗಾಲಲ್ಲಿ ಹಿಡಿತ ಚೆನ್ನಾಗಿ ಸಿಗುತ್ತೆ ಅಂತ ಫ್ರೆಂಡ್ ಹೇಳ್ತಾನೆ.

ಒದ್ದೆಕಾಲು
ಬರಿಗಾಲು ಬೇಡವೇ ಬೇಡ. ತಣ್ಣೀರಲ್ಲಿ ಪಾದ ಮರಗಟ್ಟುತ್ತೆ, ಎರಡು ಕಲ್ಲಿನ ಸಂದಿಗೆ ಬೆರಳು ಸಿಕ್ಕರೂ ತಡವಾಗಿ ತಿಳಿಯುತ್ತೆ. ಸಾಕ್ಸ್ ತೆಗೆದು, ಶೂ ಒಳಗಿನ ಅಟ್ಟೆ ತೆಗೆದು, ಬರೀ ಶೂ ಹಾಕಿ ದಾಟಿ. ಆಚೆ ಹೋಗಿ ನೀರು ಬಗ್ಗಿಸಿ, ಒಣ ಸಾಕ್ಸ್ ಹಾಕಿ. ಇಲ್ಲಾಂದರೆ ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ತನ್ನಿ. ಹವಾಯಿ ಚಪ್ಪಲಿ ತಂದರೆ ಮೊದಲನೇ ದಾಟಿಗೇ ನಿಮಗಿಂತ ಮುಂಚೆ ಮನೆಗೆ ಹೊರಟಿರುತ್ತೆ.

ಹೊಸಬೂಟು
ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಬೇಕು ಅಂತಲೂ ಓದಿದೆ.

ಬಂಡೆಮೇಲೆ
ಎದೆ ಪಟ್ಟಿ ಬಿಚ್ಚೋದರಲ್ಲಿ ಯಾರಿಗೂ ತಕರಾರಿಲ್ಲ. ಸೊಂಟದ ಪಟ್ಟಿ ವಿಷಯದಲ್ಲಿ ಎರಡು ಪಕ್ಷ ಇವೆ. ಬಿದ್ದರೆ ಬ್ಯಾಗು ಕಳಚಿ ಹಾಕಲು ಬಿಚ್ಚಿರಬೇಕು ಅನ್ನೋರು ಒಂದು. ಬಿಚ್ಚಿದರೆ ಬ್ಯಾಗು ಅತ್ತಿತ್ತ ತೂಗಿ ಅದೇ ಬೀಳಿಸುತ್ತೆ, ಬ್ಯಾಗಿನೊಳಗೆ ಗಾಳಿ ಇರೋದರಿಂದ ತೇಲೋಕೂ ಆಗುತ್ತೆ ಅನ್ನೋರು ಇನ್ನೊಂದು. ನಾನು ಮೊದಲನೇ ಪಕ್ಷ. ನೀರು ಮೊಣಕಾಲಿಗಿಂತ ಕೆಳಗಿದ್ದರೆ ಎರಡೂ ಒಂದೇ, ಮೇಲಿದ್ದರೆ ಇಳಿಯಬಾರದು.

ಒದ್ದೆಕಾಲು
ನಾನು ಎರಡನೇ ಪಕ್ಷ, ಆದರೆ ಈ ಜಗಳ ಇಲ್ಲಿ ಬೇಡ. ಮುಖ್ಯ ಬೇರೆ ಇದೆ. ದಾರಿ ಹಳ್ಳಕ್ಕೆ ತಾಗಿದ ಜಾಗದಲ್ಲೇ ದಾಟಬೇಕು ಅಂತ ಇಲ್ಲ. ಮೇಲೆ ಕೆಳಗೆ ನಡೆದು ನೋಡಿ. ಅಗಲ ಇರುವ ಕಡೆ ಆಳ ಕಡಿಮೆ, ಸೆಳವೂ ಕಡಿಮೆ. ಇಕ್ಕಟ್ಟಾದ ಕಡೆ ಎರಡೇ ಹೆಜ್ಜೆ ಅಂತ ಆಸೆ ಆಗುತ್ತೆ, ಅಲ್ಲೇ ಆಳ. ತಿರುವಿನ ಹೊರಮಗ್ಗುಲಲ್ಲೂ ಆಳ. ದಾಟುವ ಜಾಗದ ಕೆಳಗಡೆ ಏನಿದೆ ಅಂತ ನೋಡಿ: ಅಡ್ಡ ಬಿದ್ದ ಮರ ಇದ್ದರೆ ಅಲ್ಲಿ ದಾಟಬೇಡಿ, ಬಿದ್ದವರನ್ನ ನೀರು ಕೊಂಬೆಗಳ ಒಳಕ್ಕೆ ತಳ್ಳಿ ಹಿಡಿಯುತ್ತೆ. ಮುಖ ಸ್ವಲ್ಪ ಮೇಲ್ಗಡೆಗೆ, ಅಂದರೆ ನೀರು ಬರುವ ಕಡೆಗೆ, ಪಕ್ಕಕ್ಕೆ ಹೆಜ್ಜೆ, ಕಾಲಿಗೆ ಕಾಲು ಅಡ್ಡ ಹಾಕಬೇಡಿ. ಕೋಲು ಇದ್ದರೆ ಮೇಲ್ಗಡೆ ಊರಿ.

ಹೊಸಬೂಟು
ಹಗ್ಗ ಕಟ್ಟಿಕೊಂಡರೆ?

ಒದ್ದೆಕಾಲು
ಮೈಗೆ ಕಟ್ಟಿಕೊಳ್ಳಲೇಬೇಡಿ. ಬಿದ್ದಾಗ ಹಗ್ಗ ಬಿಗಿಯಾಗಿ ನೀರು ನಿಮ್ಮನ್ನ ಒಳಕ್ಕೆ ಒತ್ತುತ್ತೆ. ಗುಂಪು ಇದೆಯಲ್ಲ, ಅದನ್ನೇ ಬಳಸಿ. ನ್ಯೂಜಿಲೆಂಡಿನಲ್ಲಿ ಇದನ್ನ ತರಗತಿ ಮಾಡಿಯೇ ಕಲಿಸುತ್ತಾರೆ. ಮೂರು ನಾಲ್ಕು ಜನ ಸಾಲಾಗಿ ನಿಂತು, ಪಕ್ಕದವರ ಬೆನ್ನು ಮತ್ತು ಬ್ಯಾಗಿನ ನಡುವೆ ಕೈ ತೂರಿಸಿ ಹಿಡಿಯೋದು. ಸಾಲು ನೀರು ಹರಿಯುವ ದಿಕ್ಕಿಗೇ ಇರಬೇಕು, ಗಟ್ಟಿ ಆಳು ಮೇಲ್ಗಡೆ ತುದಿಯಲ್ಲಿ. ಅವರು ಸೆಳವು ಒಡೆಯುತ್ತಾರೆ, ಉಳಿದವರು ಅವರ ಮರೆಯಲ್ಲಿ. 19ನೇ ಶತಮಾನದಲ್ಲಿ ಆ ದೇಶದಲ್ಲಿ ಹೊಳೆ ದಾಟುವಾಗ ಎಷ್ಟು ಜನ ಮುಳುಗುತ್ತಿದ್ದರು ಅಂದರೆ, ಅದಕ್ಕೆ 'ನ್ಯೂಜಿಲೆಂಡ್ ಸಾವು' ಅಂತಲೇ ಹೆಸರಿತ್ತು.

ಕಾಲ್ನಡಿಗೆ
ಇದನ್ನ ಹುಲ್ಲಿನ ಮೇಲೆ ಒಂದು ಸಲ ಅಭ್ಯಾಸ ಮಾಡಿಸ್ತೀನಿ ಎಲ್ಲರಿಗೂ. ನಗ್ತಾರೆ, ನಗಲಿ.

ಸೀಟಿ
ಹಳ್ಳದ ಪಕ್ಕ ಇಪ್ಪತ್ತು ಹೆಜ್ಜೆ ದೂರದಿಂದ ಕೂಗಿದರೂ ಕೇಳಲ್ಲ. ಎಲ್ಲರ ಕುತ್ತಿಗೆಗೂ ಒಂದೊಂದು ಸೀಟಿ ಹಾಕಿ. ಒಂದು ಸಲ ಊದಿದರೆ ನಿಲ್ಲಿ, ಎರಡು ಸಲ ಅಂದರೆ ಬನ್ನಿ, ಹೀಗೆ ಏನಾದರೂ ನೀವೇ ಮಾಡಿಕೊಳ್ಳಿ. ಅಪಾಯದ ಸೂಚನೆ ಬೇರೆ: ಆಲ್ಪ್ಸ್ ಕಡೆ ನಿಮಿಷಕ್ಕೆ ಆರು ಸಲ, ಆಮೇಲೆ ಒಂದು ನಿಮಿಷ ಬಿಟ್ಟು ಮತ್ತೆ ಆರು. ಉತ್ತರ ಅಮೆರಿಕದಲ್ಲಿ ಮೂರು ಸಲ. ಮೊಬೈಲ್ ನಂಬಬೇಡಿ, ಕಣಿವೆ ತಳದಲ್ಲಿ ಸಿಗ್ನಲ್ ಇರಲ್ಲ, ಸ್ಯಾಟಲೈಟ್ ಉಪಕರಣಕ್ಕೂ ಆಕಾಶ ಅಗಲವಾಗಿ ಕಾಣಬೇಕು. ಯಾವಾಗ ವಾಪಸ್ ಬರ್ತೀರಿ, ಎಷ್ಟು ಗಂಟೆವರೆಗೆ ಸುದ್ದಿ ಇಲ್ಲದಿದ್ದರೆ ಗಾಬರಿ ಆಗಬೇಕು ಅಂತ ಮನೆಯಲ್ಲಿ ಬರೆದಿಟ್ಟು ಹೋಗಿ. ಹಳ್ಳ ಇಳಿಯೋಕೆ ಕಾಯುವ ಅರ್ಧ ದಿನವನ್ನೂ ಅದರಲ್ಲಿ ಸೇರಿಸಿ, ಇಲ್ಲಾಂದರೆ ನೀವು ಬಿಸಿಲು ಕಾಯಿಸುತ್ತಾ ಕೂತಿರುವಾಗ ಮನೆಯವರು ಹುಡುಕೋಕೆ ಜನ ಕಳಿಸಿರುತ್ತಾರೆ.

ಸುಮ್ನೆ_ಓದೋನು
ನೀರು ಕುಡಿಯೋದರ ಬಗ್ಗೆ? ಹರಿಯೋ ನೀರು ಶುದ್ಧ ಅಂತ ನಮ್ಮ ಅಜ್ಜ ಹೇಳೋರು.

ಹಗುರಚೀಲ
ನಾನು ಹಾಗೇ ಕುಡಿಯೋದು. ಏನೂ ಆಗಿಲ್ಲ.

ಬಿಸಿನೀರು
ಆಗೋವರೆಗೆ ಏನೂ ಆಗಿರಲ್ಲ. ಮೇಲ್ಗಡೆ ಪ್ರಾಣಿ ಸತ್ತು ಬಿದ್ದಿರಬಹುದು, ನಿಮ್ಮ ಹಾಗೇ ಇನ್ನೊಂದು ಗುಂಪು ಇರಬಹುದು. ಹರಿದ ಮಾತ್ರಕ್ಕೆ ಜಿಯಾರ್ಡಿಯಾ (ಹೊಟ್ಟೆ ಕೆಡಿಸುವ ಒಂದು ಸೂಕ್ಷ್ಮ ಜೀವಿ) ಹೋಗಲ್ಲ.

ಹೊಸಬೂಟು
ನನ್ನ ಫ್ರೆಂಡ್ ಹಳ್ಳದ ನೀರು ಕುಡಿದು ಅದೇ ರಾತ್ರಿ ವಾಂತಿ ಮಾಡಿಕೊಂಡ. ಜಿಯಾರ್ಡಿಯಾನೇ ಅಂತೆ.

ಬಿಸಿನೀರು
ಅದೇ ರಾತ್ರಿ ಅಂದರೆ ಜಿಯಾರ್ಡಿಯಾ ಇರಲಿಕ್ಕಿಲ್ಲ. ಅದು ಕಾಣಿಸಿಕೊಳ್ಳೋಕೆ ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬೇಕು. ಗುಂಪಿನಲ್ಲಿ ಹೊಟ್ಟೆ ಕೆಡೋದು ಬಹಳ ಸಲ ಕೈಯಿಂದ. ಒಬ್ಬರು ಪೊದೆಗೆ ಹೋಗಿ ಬಂದು, ಕೈ ತೊಳೆಯದೆ ಎಲ್ಲರೂ ತಿನ್ನುವ ಪೊಟ್ಟಣಕ್ಕೆ ಕೈ ಹಾಕಿದರೆ ಮುಗೀತು. ಸ್ಯಾನಿಟೈಸರ್ ಎಲ್ಲಕ್ಕೂ ಆಗಲ್ಲ, ವಾಂತಿ-ಭೇದಿ ತರುವ ನೊರೊವೈರಸ್‌ಗೆ ಸೋಪು ನೀರೇ ಒಳ್ಳೇದು. ತಿನಿಸನ್ನ ಕೈ ಹಾಕಿ ತೆಗೆಯದೆ ಅಂಗೈಗೆ ಸುರಿದುಕೊಳ್ಳೋ ನಿಯಮ ಮಾಡಿ.

ನೀರಿಗೆ ಬಂದರೆ, ಕುದಿಸೋದು ಎಲ್ಲಕ್ಕಿಂತ ಖಾತ್ರಿ. ಕೊತಕೊತ ಒಂದು ನಿಮಿಷ, 2000 ಮೀಟರ್‌ಗಿಂತ ಎತ್ತರದಲ್ಲಿ ಮೂರು ನಿಮಿಷ. ಆದರೆ ಎಂಟು ಜನಕ್ಕೆ ಕುದಿಸೋಕೆ ಗ್ಯಾಸ್ ಸಾಲಲ್ಲ. ಒಳಗೆ ಕೊಳವೆಯಂಥ ಸಣ್ಣ ಎಳೆಗಳಿರುವ ಫಿಲ್ಟರ್ ತನ್ನಿ, 0.1 ಮೈಕ್ರಾನ್ ರಂಧ್ರದ್ದು ಬ್ಯಾಕ್ಟೀರಿಯಾ, ಜಿಯಾರ್ಡಿಯಾ ಎರಡನ್ನೂ ತಡೆಯುತ್ತೆ, ವೈರಸ್ ತಡೆಯಲ್ಲ. ಒಂದು ಎಚ್ಚರ: ಬಳಸಿದ ಫಿಲ್ಟರ್ ಒಳಗೆ ನೀರು ಉಳಿದಿರುತ್ತೆ. ರಾತ್ರಿ ಅದು ಗಟ್ಟಿಯಾದರೆ ಎಳೆಗಳು ಒಡೆಯುತ್ತವೆ, ಹೊರಗಿಂದ ಏನೂ ಕಾಣಲ್ಲ, ಮಾರನೇ ದಿನ ನೀರು ಚೆನ್ನಾಗೇ ಬರುತ್ತೆ, ಸೋಸಿರಲ್ಲ ಅಷ್ಟೇ. ಚಳಿ ಸೊನ್ನೆ ಹತ್ತಿರ ಬರೋ ಹಾಗಿದ್ದರೆ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ.

ಹಗುರಚೀಲ
ಫಿಲ್ಟರ್ ತಬ್ಬಿಕೊಂಡು ಮಲಗೋದು. ಚೆನ್ನಾಗಿದೆ.

ಬಂಡೆಮೇಲೆ
ಪೊದೆ ಮಾತು ಬಂದಿದ್ದಕ್ಕೆ ಹೇಳ್ತೀನಿ. ಹಳ್ಳದಿಂದ 60 ಮೀಟರ್ ದೂರ, ಅಂದರೆ ಎಪ್ಪತ್ತು ಎಂಬತ್ತು ಹೆಜ್ಜೆ. ಗುಂಡಿ 15ರಿಂದ 20 ಸೆಂಟಿಮೀಟರ್ ಆಳ. ಪಾತ್ರೆ ತೊಳೆಯೋದೂ ಅಷ್ಟೇ ದೂರ. "ಕೊಳೆಯುವ ಸೋಪು" ಅಂತ ಡಬ್ಬಿ ಮೇಲೆ ಬರೆದಿದ್ದರೂ ಹಳ್ಳಕ್ಕೆ ಹಾಕಬೇಡಿ, ಅದು ಕೊಳೆಯೋದು ಮಣ್ಣಲ್ಲಿ. ಟೆಂಟನ್ನೂ 60 ಮೀಟರ್ ದೂರ ಹಾಕಿ ಅಂತಲೇ ಹೇಳ್ತಾರೆ. ರಾತ್ರಿ ನೀರು ಕುಡಿಯೋಕೆ ಬರುವ ಪ್ರಾಣಿಗಳಿಗೂ ಆ ಮಡುವೇ ಬಾವಿ. ದಡದ ತುಂಬಾ ಟೆಂಟ್ ಇದ್ದರೆ ಅವು ಎಲ್ಲಿಗೆ ಹೋಗಬೇಕು?

ಸೀಟಿ
ಇಕ್ಕಟ್ಟಾದ ಕಣಿವೆಯಲ್ಲಿ 60 ಮೀಟರ್ ಎಲ್ಲಿ ಸಿಗುತ್ತೆ ಅಂತ ಕೇಳೋರಿಗೆ: ದಿಣ್ಣೆಯಲ್ಲಿ.

ಹಗುರಚೀಲ
ಸರಿ ಸರಿ, ದಿಣ್ಣೆಗೇ ಹೋಗಿ. ಆದರೆ ಮಡು ನೋಡದೆ ವಾಪಸ್ ಬಂದರೆ ಹೋಗಿದ್ದಾದರೂ ಯಾಕೆ?

ಒದ್ದೆಕಾಲು
ನೋಡಬಾರದು ಅಂತ ಯಾರು ಹೇಳಿದರು? ದಿಣ್ಣೆಯಲ್ಲಿ ಟೆಂಟ್ ಹಾಕಿ, ಭಾರ ಇಳಿಸಿ, ನೀರಿನ ಬಾಟಲಿ, ತಿನಿಸು, ಮಳೆ ಜಾಕೆಟ್ ಅಷ್ಟೇ ಹಿಡಿದು ಮಡುವಿಗೆ ಹೋಗಿ. ಬರಿಬೆನ್ನಲ್ಲಿ ಹಳ್ಳ ದಾಟೋದು ಎಷ್ಟೋ ಸಲೀಸು. ಮೂರನೇ ದಾಟಿನ ಹತ್ತಿರ ನೀರಿನ ಅಂಚಿಗೆ ಸರಿಯಾಗಿ ಒಂದು ಕಲ್ಲಿಟ್ಟು ಹೋಗಿ. ವಾಪಸ್ ಬಂದಾಗ ಕಲ್ಲು ನೀರೊಳಗಿದ್ದರೆ ಹಳ್ಳ ಏರುತ್ತಿದೆ. ಮೇಲೆ ಹಿಮ ಕರಗಿ ಬರುವ ಹಳ್ಳವಾದರೆ ಮಳೆ ಇಲ್ಲದೆಯೂ ಸಂಜೆಗೆ ಏರುತ್ತೆ, ಬೆಳಗಿನ ಜಾವಕ್ಕೆ ಇಳಿದಿರುತ್ತೆ. ಹಾಗಿದ್ದರೆ ಮಡುವಿಗೆ ಬೆಳಿಗ್ಗೆ ಹೋಗಿ.

ದಡದ ಪೊದೆಗಳನ್ನೂ ನೋಡಿ. ಒಣಹುಲ್ಲು, ಬೇರು, ಎಲೆ ಎಲ್ಲ ಹೆಣೆದುಕೊಂಡು ಕೊಂಬೆಗೆ ಸಿಕ್ಕಿರುತ್ತೆ, ಎಲ್ಲದರ ತುದಿಯೂ ನೀರು ಹರಿದು ಹೋಗುವ ಕಡೆಗೆ ಬಾಗಿರುತ್ತೆ. ಹೋದ ಸಲದ ನೆರೆ ಎಲ್ಲಿವರೆಗೆ ಬಂದಿತ್ತು ಅಂತ ಹಳ್ಳವೇ ಗುರುತು ಹಾಕಿಟ್ಟಿರುತ್ತೆ. ಅದು ಎದೆಯ ಮಟ್ಟಕ್ಕೆ ಇದ್ದರೆ ಫೋಟೋದವರನ್ನ ಕರೆದು ತೋರಿಸಿ.

ಕಾಲ್ನಡಿಗೆ
ಸರಿ, ಗುಂಪಿಗೆ ಹೀಗೆ ಹೇಳಿದ್ದೇನೆ. ಬೆಳಿಗ್ಗೆ ಏಳಕ್ಕೆ ಹೊರಡೋದು, ದಿಣ್ಣೆಯಲ್ಲಿ ಟೆಂಟ್, ಮಧ್ಯಾಹ್ನ ಬರಿಬೆನ್ನಲ್ಲಿ ಮಡುವಿಗೆ. ನಾಲ್ಕು ಗಂಟೆಗೆ ಎಲ್ಲಿದ್ದರೂ ವಾಪಸ್. ಸೋಮವಾರದವರಲ್ಲಿ ಒಬ್ಬರು ರಜೆ ಹಾಕಿದರು, ಇನ್ನೊಬ್ಬರು ಬರಲ್ಲ ಅಂದರು. ಈಗ ಏಳು ಜನ. ಭಾವ ಒಂದು ಮಾತೂ ಆಡಲಿಲ್ಲ, ಗ್ರೂಪಲ್ಲಿ ಒಂದು ಹೆಬ್ಬೆಟ್ಟು ಹಾಕಿದರು ಅಷ್ಟೇ.

ಮೋಡಗಾರ
ಆ ಹೆಬ್ಬೆಟ್ಟಿಗೆ ಒಂದು ವರ್ಷ ಬಾಡಿಗೆ ಕಟ್ಟಬೇಕು ನೀವು.

ರಾತ್ರಿಪಾಳಿ
ಗೊರಕೆ ಹೊಡೆಯೋರು ಯಾರು ಅಂತ ಈಗಲೇ ಕೇಳಿ, ಅವರ ಟೆಂಟ್ ತುದಿಗೆ ಹಾಕಿಸಿ. ಮಡುವಿನ ಪಕ್ಕ ಹಳ್ಳದ ಸದ್ದು ಗೊರಕೆ ಮುಚ್ಚಿಹಾಕುತ್ತಿತ್ತು, ದಿಣ್ಣೆಯಲ್ಲಿ ಆ ಅನುಕೂಲ ಇಲ್ಲ. ಮರಳು ಮೆತ್ತಗೆ ಅಂತ ಇನ್ನೂ ಕೊರಗುವವರಿಗೆ: ಚಳಿ ಬರೋದು ಕೆಳಗಿಂದ. ಒಂದು ಮ್ಯಾಟ್ ಮೇಲೆ ಇನ್ನೊಂದು ಹಾಕಿದರೆ ಎರಡರ ಆರ್ ಮೌಲ್ಯವೂ (ಮ್ಯಾಟ್ ಚಳಿಯನ್ನ ಎಷ್ಟು ತಡೆಯುತ್ತೆ ಅನ್ನೋ ಅಳತೆ) ಕೂಡುತ್ತೆ. ತೆಳ್ಳಗಿನ ಫೋಮ್ ಮ್ಯಾಟ್ ಕೆಳಗೆ, ಗಾಳಿ ತುಂಬುವುದು ಮೇಲೆ.

ಹೊಸಬೂಟು
ಇನ್ನೊಂದೇ ಪ್ರಶ್ನೆ. ಚಳಿಯಲ್ಲಿ ಬೆಳಿಗ್ಗೆ ಗ್ಯಾಸ್ ಸ್ಟವ್ ಉರಿ ಸಣ್ಣಗಾಗುತ್ತೆ. ಸಿಲಿಂಡರ್ ಅಲ್ಲಾಡಿಸಿದರೆ ಒಳಗೆ ಇನ್ನೂ ಇದೆ. ಯಾಕೆ?

ಬಿಸಿನೀರು
ಒಳಗಿರೋದು ಬ್ಯೂಟೇನ್ ಆದರೆ ಅದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ ಹೋದರೆ ಆವಿಯೇ ಆಗಲ್ಲ. ಹೊರಗೆ 3 ಡಿಗ್ರಿ ಇದ್ದರೂ, ಉರಿಯುತ್ತಾ ಹೋದ ಹಾಗೆ ಸಿಲಿಂಡರ್ ತನ್ನಷ್ಟಕ್ಕೆ ಇನ್ನೂ ತಣ್ಣಗಾಗುತ್ತೆ. ಐಸೊಬ್ಯೂಟೇನ್ ಸುಮಾರು ಮೈನಸ್ 12ರವರೆಗೆ, ಪ್ರೊಪೇನ್ ಮೈನಸ್ 42ರವರೆಗೆ ಆವಿ ಆಗುತ್ತೆ. ಅವು ಬೆರೆತಿರೋ ಸಿಲಿಂಡರ್ ತಗೊಳ್ಳಿ. ರಾತ್ರಿ ಕಾಲ ಬುಡದಲ್ಲಿ ಇಟ್ಟುಕೊಂಡು ಮಲಗಿ. ಬೆಳಿಗ್ಗೆ ಅಗಲವಾದ ಪಾತ್ರೆಯಲ್ಲಿ ಒಂದೆರಡು ಬೆರಳು ನೀರು ಹಾಕಿ ಅದರೊಳಗೆ ನಿಲ್ಲಿಸಿ.

ಹೊಸಬೂಟು
ಆ ನೀರು ಬಿಸಿ ಇರಬೇಕಾ?

ಬಿಸಿನೀರು
ಬೇಡ, ಹಳ್ಳದ ನೀರೇ ಸಾಕು. ಹರಿಯುತ್ತಿದೆ ಅಂದರೆ ಸೊನ್ನೆಗಿಂತ ಮೇಲಿದೆ ಅಂತ, ಸಿಲಿಂಡರ್‌ಗಿಂತ ಅದೇ ಬೆಚ್ಚಗೆ. ಕುದಿಯೋ ನೀರು ಹಾಕಬೇಡಿ. ಸ್ಟವ್ ಸಿಲಿಂಡರ್ ತಲೆ ಮೇಲೆಯೇ ಕೂರುವಂಥದ್ದಾದರೆ ಗಾಳಿ ಬರಲ್ಲ ಅಂತ ಸುತ್ತ ತಗಡು ಕಟ್ಟಬೇಡಿ, ಸಿಲಿಂಡರ್ ಕಾದು ಸಿಡಿಯಬಹುದು. ಟೆಂಟ್ ಒಳಗೆ ಹಚ್ಚಲೇಬೇಡಿ.

ಹಗುರಚೀಲ
ಸಿಲಿಂಡರ್‌ಗೊಂದು ಪಾತ್ರೆ, ಅಡುಗೆಗೊಂದು ಪಾತ್ರೆ. ಇದನ್ನ ಯಾರು ಹೊರ್ತಾರೆ?

ನಿಧಾನವೇಸರಿ
ಜೋರಾಗಿ ನಡೆಯೋರು. ನೀವೇ ಹೇಳಿದ ನಿಯಮ.